ಶಿವಗಂಗಾ ಅತ್ಯಾಗೆ ಪ್ರಿಪೊಸಿಷನ್ ಪಾಠ

“ಏನ್, ಮನಿಗಿ ಬಂದೋರಿಗಿ ಗೇಟಿನ ಹೊರಗ ನಿಂದ್ರಸ್ಬೇಕಾ? ನಾ ಬರಿಯಂಗಿಲ್ಲ ನೋಡು!”

ಕೇಳಿದಿರಲ್ಲ, ಇದು ನಮ್ಮ ಶಿವಗಂಗಾ ಅತ್ಯಾ ಇಂಗ್ಲಿಷ್ ವ್ಯಾಕರಣಕ್ಕೆ ಕೊಟ್ಟ ಉತ್ತರ. ಪ್ರಶ್ನೆ ಬಹಳ ಸರಳ: ಗೇಟಿಗೆ ಬೀಗ ಹಾಕಿತ್ತು, ಅತಿಥಿಗಳು ಕಾದದ್ದು ಗೇಟಿನ ‘ಔಟ್‌ಸೈಡೋ’ ‘ಇನ್‌ಸೈಡೋ’? ಸರಿಯಾದ ಪ್ರಿಪೊಸಿಷನ್ ಆರಿಸಿ.

“ಅತ್ಯಾ, ಕೀಲಿ ಹಾಕ್ಯಾರ್ರಿ!”

“ಚಾವಿ ಬಾಜೂ ಮನ್ಯಾಗ ಕೊಟ್ಟ್ ಹೋಗಿರ್ತಾರ. ಕೇಳ್ಬೇಕಲ್ಲ?” ಎಂದು ಅತ್ಯಾ ಗಂಭೀರವಾಗಿ ‘ಇನ್‌ಸೈಡ್’ಗೆ ಗುರುತು ಹಾಕಿದರು.

ಅತ್ಯಾ ಇರುವುದು ಸಂಭಾಜಿನಗರದಲ್ಲಿ. ಪಕ್ಕದ ಬಿಡಕಿನ್‌ನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನವಿಡೀ ಒಲೆಯ ಮುಂದೆ ನಿಂತು ಚಪಾತಿ ಬೇಯಿಸಿ ಅವರ ಮೊಣಕಾಲುಗಳು ಮುಷ್ಕರ ಹೂಡಿವೆ. ಸೂಪರ್‌ವೈಸರ್ ಆದರೆ ಕೂತು ಕೆಲಸ. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಇಂಗ್ಲಿಷ್ ಮೀಡಿಯಂನಲ್ಲೇ ಆಕಳಿಸುವ ನಾನಿರುವಾಗ ಚಿಂತೆಯೇ? ಭಾನುವಾರ ನಾಶಿಕ್‌ನಿಂದ ಮೊದಲ ಬಸ್ಸಿಗೇ ಬಂದಿಳಿದೆ. ನನ್ನ ಖುಷಿ ಏನು ಹೇಳಲಿ! ಜನ್ಮದಲ್ಲಿ ಮೊದಲ ಸಲ ಗುರುವಾಗಿದ್ದೆ! (ಗುರುದಕ್ಷಿಣೆಯ ಶೇಂಗಾ ಹೋಳಿಗೆ ಆಗಲೇ ಹೊಟ್ಟೆ ಸೇರಿತ್ತು.)

ಮುಂದಿನ ಪ್ರಶ್ನೆ: ಹಸಿವು ತಾಳಲಾರದ ತಾಯಿ ಮಕ್ಕಳಿಗಿಂತ ‘ಬಿಫೋರ್’ ಉಂಡಳೋ, ‘ಆಫ್ಟರ್’ ಉಂಡಳೋ? ಅತ್ಯಾ ‘ಆಫ್ಟರ್’ ಎಂದರು.

“ಹಸಿವಿ ತಾಳ್ಲಿಲ್ಲ ಅಂತ ಬರ್ದದಲ್ರಿ!”

“ನಿಮ್ಮವ್ವ ಎಂದರ ನಿನಗಿ ಬಿಟ್ಟ್ ಉಂಡಾಳೇನು?”

ದಿನಪತ್ರಿಕೆಯ ಮರೆಯಿಂದ ಅತ್ಯಾಳ ಗಂಡ ಸಂಗಮನಾಥ ಮಾಮಾ, “ನನಗಿಂತ ಮೊದ್ಲೇ ಚಾ ಕುಡೀತಾಳಲ್ಲ, ಅದಕ್ಕೇನ್ ಬರೀಬೇಕು?” ಎಂದರು.

“ನೀವು ಸುಮ್ನ ಕೂಡ್ರಿ! ಚಾ ಅಂದ್ರ ಊಟೇನ್ರಿ?”

ಇನ್ನೊಂದರಲ್ಲಿ ಸಿಟ್ಟಿಗೆದ್ದ ಮಗ ‘ಆ್ಯಟ್’ ಹಿಸ್ ಫಾದರ್ ಕೂಗಾಡಬೇಕಿತ್ತು. ಅತ್ಯಾ ‘ಫಾರ್’ ಮಾಡಿದರು. “ಅಪ್ಪನ ಸಲುವಾಗಿ ಮಂದೀಗಿ ಒದರ್ಯಾನ. ಛಲೋ ಹುಡುಗ.”

ಕೊನೆಗೆ ನಾನು ಎದ್ದು ನಿಂತು ಉಪದೇಶ ಮಾಡಿದೆ. “ಅತ್ಯಾ, ಈ ಪೇಪರ್‌ದಾಗಿನ ಮಂದಿ ನಮ್ಮೋರಲ್ರಿ. ಅವ್ರಿಗಿ ಸುಧಾರಸ್ಲಾಕ್ ಹೋಗಬ್ಯಾಡ್ರಿ. ಕೆಟ್ಟೋರಿದ್ರ ಇರ್ಲಿ, ಬಿಟ್ಟ್ ಬಿಡ್ರಿ.”

ಅತ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು, ಅತಿಥಿಗಳನ್ನು ಗೇಟಿನ ಹೊರಗೆ ಹಾಕಿದರು.

ಶುಕ್ರವಾರ ಫೋನ್ ಬಂತು. “ಪಾಸ್ ಆದೆ ಪ್ರಿಯಾ! ಮನಸ್ಸ್ ಕಲ್ಲ್ ಮಾಡ್ಕೊಂಡ್ ಬರ್ದೆ. ದೇವರು ಕ್ಷಮಾ ಮಾಡ್ಲಿ.” ನಾಶಿಕ್‌ನ ಪಂಚವಟಿಯ ಗಲ್ಲಿಯಲ್ಲಿ ನಾನು ಕೈಯೆತ್ತಿ ಕುಣಿದದ್ದಕ್ಕೆ ಎರಡು ಆಟೊ ಬಂದು ನಿಂತವು!

“ನಿಂದೂ ಕಾಲೇಜ್‌ದಾಗ ಪರೀಕ್ಷಾ ಇತ್ತಲ್ಲ, ಏನಾಯ್ತು?”

ಏನು ಹೇಳಲಿ? ನಮ್ಮ ಇಂಗ್ಲಿಷ್ ಪೇಪರಿನಲ್ಲಿ ಒಬ್ಬ ಹುಡುಗ ಮುದುಕಿಯನ್ನು ತಳ್ಳಿ ಅವಳಿಗಿಂತ ‘ಬಿಫೋರ್’ ಬಸ್ ಹತ್ತಬೇಕಿತ್ತು. ನನಗೆ ಬಿಫೋರ್ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು! ಬರೆಯಲು ಪೆನ್ನು ಊರಿದೆ, ಅತ್ಯಾಳ ಮುಖ ಕಂಡಿತು. ‘ಆಫ್ಟರ್’ ಎಂದು ಬರೆದೆ. ಅಲ್ಲಿಂದ ಮುಂದೆ ಕೈ ನಿಲ್ಲಲಿಲ್ಲ. ಗಂಡನ ‘ವಿತೌಟ್’ ಜಾತ್ರೆಗೆ ಹೋದವಳನ್ನು ‘ವಿತ್’ ಕಳಿಸಿದೆ. ಇಡೀ ಪ್ರಶ್ನೆಪತ್ರಿಕೆಯನ್ನು ಸಜ್ಜನರ ಊರನ್ನಾಗಿ ಮಾಡಿ ನಾನು ಫೇಲಾದೆ.

ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಆ ಕಡೆ ಅತ್ಯಾ ನಗಲಿಲ್ಲ. “ಇಷ್ಟ್ ಮೆತ್ತಗಿದ್ರ ಹ್ಯಾಂಗವ್ವ? ಬರೋ ಐತಾರ ಬಾ. ಮನಸ್ಸ್ ಹ್ಯಾಂಗ ಘಟ್ಟಿ ಮಾಡ್ಕೋಬೇಕು, ನಾ ಕಲಸ್ತೀನಿ.”

“ಬರ್ತೀನ್ರಿ,” ಎಂದೆ, ವಿಧೇಯ ವಿದ್ಯಾರ್ಥಿನಿಯಂತೆ.