ಏಳು ವಿಮಾನಗಳಿಗೆ ಹೊಗೆ ತುಂಬಿದ್ದು

ನಗಬಾರದ ಜಾಗದಲ್ಲೇ ನನಗೆ ನಗು ಬರುವಂಥದ್ದು ನಡೆಯುತ್ತದೆ. ಸಾವಿನ ಮನೆ, ಬೀಳ್ಕೊಡುಗೆ, ಮೌನಾಚರಣೆ. ವಾಯುಪಡೆಯ ಜೆಟ್ ವಿಮಾನಗಳ ಪ್ರದರ್ಶನ ತಂಡವೊಂದರಲ್ಲಿ ಬಹಳ ವರ್ಷ ಇದ್ದೆ. ಏಳು ನೀಲಿ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರಿ, ಹಿಂದೆ ಬಣ್ಣದ ಹೊಗೆ ಬಿಡುತ್ತಿದ್ದವು. ಆ ಹೊಗೆಗೆ ಬೇಕಾದ ಡೀಸೆಲ್ಲನ್ನೂ ಬಣ್ಣವನ್ನೂ ಟ್ಯಾಂಕಿಗೆ ತುಂಬುತ್ತಿದ್ದವನು ನಾನು. ಈಗ ನಮ್ಮೂರು ಬಿಟ್ಟಂಗಾಲದಲ್ಲಿ ಕಾಫಿ ಗಿಡಕ್ಕೆ ಮದ್ದು ಹೊಡೆಯುತ್ತೇನೆ. ಅದೂ ಹೊಗೆಯ ಹಾಗೇ ಕಾಣುತ್ತದೆ. ಚಪ್ಪಾಳೆ ಮಾತ್ರ ಇಲ್ಲ.

ಎತ್ತರ

ಹೆಣ್ಣು ನೋಡಲು ಶ್ರೀಮಂಗಲದ ಕಡೆ ಹೋಗಿದ್ದೆವು. ಹುಡುಗ ವಿಮಾನದಲ್ಲಿದ್ದಾನೆ ಅಂತ ನನ್ನ ಅಮ್ಮ ಮೊದಲೇ ಹೇಳಿ ಕಳಿಸಿದ್ದರು. ಆ ಮನೆಯ ಗೋಡೆಯಲ್ಲಿ ಸಮವಸ್ತ್ರದ ಇಬ್ಬರ ಫೋಟೋ, ಎರಡಕ್ಕೂ ಹಾರ. ಹುಡುಗಿಯ ಅಪ್ಪನ ಅಣ್ಣಂದಿರಂತೆ. ಕಾಫಿ ಆರಿತು.

ಕೊನೆಗೆ ಹುಡುಗಿಯ ಅಪ್ಪ ಕೇಳಿದರು, "ನೀವು ಎಷ್ಟು ಎತ್ತರಕ್ಕೆ ಹೋಗ್ತೀರಿ?"

ಅಮ್ಮ ನನ್ನ ಕಾಲು ತುಳಿದರು. ಆದರೂ ಸುಳ್ಳು ಬಾಯಿಗೆ ಬರಲಿಲ್ಲ. "ಏಣಿ ಹಾಕಿದರೆ ಆರಡಿ" ಅಂದೆ.

ಅವರು ಫೋಟೋಗಳನ್ನೇ ತುಂಬಾ ಹೊತ್ತು ನೋಡಿದರು. ಸಂಬಂಧ ಮುರಿಯಿತು ಅಂದುಕೊಂಡೆ.

"ನನ್ನ ಮಗಳಿಗೆ ಅಷ್ಟು ಎತ್ತರ ಸಾಕು" ಅಂದರು. "ಏಣಿ ಗಟ್ಟಿ ಉಂಟಲ್ಲ?"

ಹಸಿರು ಕೈ

ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಹೋದ ಏಳರಲ್ಲಿ ಆರು ವಾಪಸ್ ಬಂದವು. ಬರದಿದ್ದ ಪೈಲಟ್‌ಗೆ ಮೂವತ್ತೂ ತುಂಬಿರಲಿಲ್ಲ. ಅವನ ಬಟ್ಟೆಬರೆಯ ಪೆಟ್ಟಿಗೆಯನ್ನು ಮನೆಗೆ ತಲುಪಿಸಲು ಒಬ್ಬ ಅಧಿಕಾರಿಯನ್ನೂ ನನ್ನನ್ನೂ ಕಳಿಸಿದರು. ಆ ದಿನ ನಾನು ತುಂಬಿದ್ದು ಹಸಿರು ಬಣ್ಣ. ಸೋಪು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಮೊಣಕೈವರೆಗೆ ಹಸಿರು ಹಾಗೇ ಇತ್ತು. ದಾರಿಯುದ್ದಕ್ಕೂ ಕೈ ಜೇಬಿನಲ್ಲಿಟ್ಟುಕೊಂಡಿದ್ದೆ.

"ಕೈ ಹೊರಗೆ ತೆಗಿ, ಸಾವಿನ ಮನೆ" ಅಂತ ಅಧಿಕಾರಿ ಬಾಗಿಲಲ್ಲೇ ಗದರಿದ.

ತೆಗೆದೆ. ಹುಡುಗನ ತಾಯಿ ಅದನ್ನೇ ನೋಡಿದರು. ಹತ್ತಿರ ಬಂದು ನನ್ನ ಅಂಗೈ ತಿರುಗಿಸಿ ನೋಡಿದರು.

"ರಜೆಗೆ ಬಂದಾಗಲೆಲ್ಲ ಅವನ ಬಿಳಿ ಅಂಗಿಯ ಬೆನ್ನಿಗೆ ಇದೇ ಬಣ್ಣ" ಅಂದರು. "ಅವನ ಬೆನ್ನು ತಟ್ಟಿ ಕಳಿಸ್ತಿದ್ದವನು ನೀನೇನಾ?"

"ಹೌದಮ್ಮ."

ಆಯಮ್ಮ ಆ ಕೈಯನ್ನು ಬಿಡದೆ ಅತ್ತರು, ನಾನೂ ಅತ್ತೆ. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು, "ಆರು ಅಂಗಿ ಹಾಳು ಮಾಡಿದ್ದೀಯಪ್ಪ. ಸಿಕ್ಕಿದರೆ ಬೈಯಬೇಕು ಅಂತಿದ್ದೆ."

ಬಾಗಿಲುಗಳು

ತಂಡ ಶುರುವಾದಾಗ ಇದ್ದದ್ದು ನಾಲ್ಕೇ ವಿಮಾನ. ಏಳಾಗಲು ವರ್ಷಗಳು ಹಿಡಿದವು, ಮುಚ್ಚಲು ಒಂದು ಕಾಗದ ಸಾಕಾಯಿತು. ಹೊಸ ಪೈಲಟ್‌ಗಳ ತರಬೇತಿಗೆ ವಿಮಾನ ಸಾಲುವುದಿಲ್ಲ, ಪ್ರದರ್ಶನ ನಿಲ್ಲಿಸಿ ಅಂತ ಆದೇಶ. ನಮ್ಮ ನೀಲಿ ವಿಮಾನಗಳಿಗೆಲ್ಲ ಬೂದು ಬಣ್ಣ ಬಳಿದು ಒಯ್ದರು. ನನ್ನನ್ನು ಕಂಬಳಿ ಕೊಡುವ ಸ್ಟೋರಿಗೆ ಹಾಕಿದರು. ವಿಮಾನಗಳಿಗೆ ನೀಲಿ ಬಳಿಯುತ್ತಿದ್ದ ನಮ್ಮ ಪೇಂಟರ್ ಮೂರು ದಿನ ಬ್ರಷ್ ಮುಟ್ಟಲಿಲ್ಲ.

ನಾಲ್ಕನೇ ದಿನ ಅವನು ಉಳಿದ ನೀಲಿ ಬಣ್ಣವನ್ನೆಲ್ಲ ನಮ್ಮ ಏಳು ಕಕ್ಕಸಿನ ಬಾಗಿಲುಗಳಿಗೆ ಬಳಿದು, ಒಂದರಿಂದ ಏಳರವರೆಗೆ ನಂಬರನ್ನೂ ಬರೆದ. ತಂಡದ ನಾಯಕರು ಹೊರಡುವ ಮುನ್ನ ಕೊನೆಯ ಸಲ ನೋಡಲು ಬಂದು ಆ ಬಾಗಿಲುಗಳ ಮುಂದೆ ನಿಂತರು. ಶಿಕ್ಷೆ ಗ್ಯಾರಂಟಿ ಅಂದುಕೊಂಡೆವು.

ಅವರು ಟೋಪಿ ತೆಗೆದು ಹೇಳಿದರು, "ಸಾಲು ನೇರ ಉಂಟು. ನಾವು ಹಾರುವಾಗ ಯಾವತ್ತೂ ಇಷ್ಟು ನೇರ ಇರಲಿಲ್ಲ."

ಮಂಜಿನಲ್ಲಿ

ಕೆಲವು ವರ್ಷ ಕಳೆದು ಹೊಸ ವಿಮಾನಗಳೊಂದಿಗೆ ತಂಡ ಮತ್ತೆ ಎದ್ದಿತು. ಅಷ್ಟರಲ್ಲಿ ನನಗೆ ನಿವೃತ್ತಿ. ಈಚೆಗೆ ನಾಪೋಕ್ಲಿನಲ್ಲಿ ಮಡಿದ ಸೈನಿಕರ ಸ್ಮರಣೆ ಇಟ್ಟುಕೊಂಡಿದ್ದರು. ತಂಡ ಮೈದಾನದ ಮೇಲೆ ಹಾರಿಹೋಗುತ್ತದೆ, ನೀವೇ ಮೈಕಿನಲ್ಲಿ ವಿವರಿಸಬೇಕು ಅಂದರು. ಹಿಂದಿನ ದಿನವೆಲ್ಲ ಅಭ್ಯಾಸ ಮಾಡಿದೆ.

ಆ ದಿನ ಮಂಜು ಎಷ್ಟಿತ್ತೆಂದರೆ ಧ್ವಜಸ್ತಂಭದ ತುದಿಯೇ ಕಾಣುತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಗುಡುಗುಡು ಸದ್ದು ಕೇಳಿತು. ನನ್ನ ಎದೆ ತುಂಬಿ ಬಂತು.

"ಬಂದರು" ಅಂದೆ. "ಕಾಣುವುದಿಲ್ಲ, ನಾನು ಹೇಳುತ್ತೇನೆ. ಈಗ ಬಾಣದ ಆಕಾರ. ಈಗ ತಲೆಕೆಳಗಾಗಿ ಹಾರುತ್ತಿದ್ದಾರೆ. ಈಗ ಒಬ್ಬರು ಗುಂಪು ಬಿಟ್ಟು ನೇರ ಮೇಲಕ್ಕೆ ಹೋಗುತ್ತಾರೆ. ಅದು ತೀರಿಹೋದವರಿಗೆ."

ಜನ ಎದ್ದು ನಿಂತರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು.

ಆಗ ಸಂಘಟಕರು ಕಿವಿಯಲ್ಲಿ ಹೇಳಿದರು, "ಹವಾಮಾನ ಸರಿ ಇಲ್ಲ ಅಂತ ವಿಮಾನ ಹೊರಟೇ ಇಲ್ಲವಂತೆ. ಇದು ಶಾಮಿಯಾನದ ಹಿಂದಿನ ಜನರೇಟರ್." ಹೇಳಿ, ಗಡಿಬಿಡಿಯಲ್ಲಿ ಅದನ್ನು ಆಫ್ ಮಾಡಿಸಿಯೇಬಿಟ್ಟರು. ಮೈಕೂ ಸತ್ತಿತು. ಗುಡುಗುಡು ಸದ್ದೂ ನಿಂತಿತು.

ಮುಂದಿನ ಸಾಲಿನಲ್ಲಿ ವಯಸ್ಸಾದ ಸುಬೇದಾರರೊಬ್ಬರು ಕೋಲೂರಿ ಇನ್ನೂ ನಿಂತೇ ಇದ್ದರು.

"ಎಲ್ಲರೂ ಸುಖವಾಗಿ ಇಳಿದರಾ?" ಅಂತ ಕೇಳಿದರು.

ಬೇರೆ ದಾರಿ ಇರಲಿಲ್ಲ. "ಇಳಿದರು ಸರ್" ಅಂದೆ.

"ಒಳ್ಳೆಯದಾಯಿತು" ಅಂದು ಮೆಲ್ಲಗೆ ಕೂತರು. "ಹಾಗಾದರೆ ಇನ್ನೊಂದು ಸಲ ಹಾರಿಸಲಿಕ್ಕೆ ಹೇಳಿ ಮಾರಾಯ್ರೇ. ಕಾಫಿ ಬಿಸಿ ಮಾಡುವ ಮಿಷನ್‌ಗೆ ಕರೆಂಟಿಲ್ಲ."