ಪೀಪಾಯಿಯ ಮೇಲಿನ ನಗುಮೊಗ

ಬಹಳ ಹಿಂದೆ, ಪತ್ರಿಕೆಗಳಲ್ಲಿ ಜಾಹೀರಾತಿಗಿಂತ ಸುದ್ದಿಯೇ ಹೆಚ್ಚಿರುತ್ತಿದ್ದ ಕಾಲದಲ್ಲಿ, ಮಂದಹಾಸಪುರಿ ಎಂಬ ರಾಜ್ಯವಿತ್ತು. ಅಲ್ಲಿನ ಬಣ್ಣದ ಕಾರ್ಖಾನೆಗೆ ಚಿತ್ತೈಸಿದ ಮಹಾರಾಜ ಪ್ರಸನ್ನವರ್ಮನು ಪೀಪಾಯಿಗಳ ಮೇಲಿನ ತಲೆಬುರುಡೆಯ ಚಿತ್ರ ಕಂಡು ಮುಖ ಸಿಂಡರಿಸಿ, ಇದೆಂಥ ಅಪಶಕುನವೆಂದು ಕೇಳಿದನು.

ಸುರಕ್ಷತಾ ಸಚಿವ ಗುರುಪಾದಪ್ಪನಿಗೆ ಬುರುಡೆಯ ಅರ್ಥ ಗೊತ್ತಿತ್ತು. ಸದ್ಯದಲ್ಲೇ ಸಂಪುಟ ಪುನಾರಚನೆಯಿದೆ ಎಂಬುದೂ ಗೊತ್ತಿತ್ತು.

"ಪ್ರಭು, ಜನ ಹೆದರುವುದು ವಿಷಕ್ಕಲ್ಲ, ಚಿತ್ರಕ್ಕೆ. ತಮ್ಮ ನಗುಮೊಗವಿದ್ದರೆ ಆ್ಯಸಿಡ್ ಕೂಡ ಸೌಮ್ಯವಾದೀತು" ಎಂದನು.

ಸಂಜೆಯೊಳಗೆ ರಾಜಾಜ್ಞೆ ಹೊರಟಿತು. ಬುರುಡೆ, ಹೆಸರು, ಎಚ್ಚರಿಕೆ ಎಲ್ಲ ಅಳಿದು ಪೀಪಾಯಿಗಳೆಲ್ಲ ಅರಿಶಿನ ಬಣ್ಣ ಬಳಿದುಕೊಂಡವು. ಒಂದೊಂದರ ಮೇಲೂ ಮಹಾರಾಜನು ನಕ್ಕನು. ಕೈಗವಸು, ಮುಖಗವಸುಗಳನ್ನು 'ಅವಿಶ್ವಾಸದ ಉಡುಪು' ಎಂದು ಘೋಷಿಸಿ ಕಿತ್ತುಕೊಳ್ಳಲಾಯಿತು.

ಸುರಕ್ಷತಾ ಸಪ್ತಾಹದ ಉದ್ಘಾಟನೆಗೆ ಮಹಾರಾಜನೇ ಬರುವವನಿದ್ದ. ನೆಲ ಹೊಳೆಯಬೇಕೆಂದು ಕಟ್ಟಪ್ಪಣೆ ಮಾಡಿ ಸಚಿವನೇ ಮೇಲ್ವಿಚಾರಣೆಗೆ ನಿಂತಿದ್ದ. ಬ್ಲೀಚಿಂಗ್ ಪುಡಿಯ ನೀರು ಚೆಲ್ಲಿ ಉಜ್ಜುತ್ತಿದ್ದ ದ್ಯಾಮವ್ವ, ನೀರು ಮುಗಿದಾಗ ಎರಡು ಪೀಪಾಯಿಗಳ ಮುಂದೆ ನಿಂತಳು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಆ್ಯಸಿಡ್.

"ಸಾಹೇಬ್ರ, ಇದರಾಗ ಆ್ಯಸಿಡ್ ಯಾವ್ದ್ರೀ? ಎರಡರ ಮ್ಯಾಲೂ ದೊರಿ ನಗಾಕ ಹತ್ಯಾರಲ್ಲ."

ಸಚಿವನಿಗೆ ಇದೂ ಗೊತ್ತಿತ್ತು: ಬ್ಲೀಚಿಂಗ್ ನೀರಿನ ಮೇಲೆ ಆ್ಯಸಿಡ್ ಬಿದ್ದರೆ ಏಳುವುದು ವಿಷಾನಿಲ. ಮುಚ್ಚಳ ತೆಗೆಸಿ ತಿಳಿದವರಿಂದ ಪರೀಕ್ಷೆ ಮಾಡಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಹೆಸರು ಅಳಿಸಿದ್ದು ತಪ್ಪೆಂದು ಒಪ್ಪಿಕೊಂಡಂತೆ. ಕುರ್ಚಿ ಹೋದಂತೆ.

"ಯಾವುದಾದರೇನವ್ವ, ಎರಡೂ ನಮ್ಮ ದೊರೆಯವೇ. ಸುರಿ" ಎಂದು ಬಾಗಿಲತ್ತ ನಡೆದನು.

"ಮತ್ತ ನೀವ್ಯಾಕ ಹೊರಗ ಹೊಂಟ್ರಿ?"

ಮಹಾರಾಜರನ್ನು ಎದುರುಗೊಳ್ಳಬೇಕೆಂದು ಹೇಳಿ, ಅವನು ಮೂಗಿಗೆ ಶಲ್ಯ ಒತ್ತಿಕೊಂಡು ಗಾಳಿ ಬೀಸಿಬರುವ ಕಡೆ ನಿಂತನು.

ಒಳಗೆ ದ್ಯಾಮವ್ವ ಒಂದು ಪೀಪಾಯಿ ಬಗ್ಗಿಸಿದಳು. ಹಳದಿ ಹಸಿರು ಹೊಗೆ ಎದ್ದಿತು. ಅವಳು ಪೀಪಾಯಿಯನ್ನೇ ಹಿಡಿದು ಕುಸಿದಳು. ಮಹಾರಾಜನ ಮುಖವೂ ಅವಳೊಂದಿಗೆ ನೆಲದ ಕೊಳೆನೀರಿಗೆ ಬಿತ್ತು. ಪಕ್ಕದ ಕೇರಿಯವರು ಕೆಮ್ಮುತ್ತ, ಕಣ್ಣೊರೆಸುತ್ತ ಬೀದಿಗೆ ಓಡಿಬಂದರು. ದೂರದಲ್ಲೇ ನಿಂತ ರಥದಿಂದ ಮಹಾರಾಜನು, ಅದೇನು ಸದ್ದೆಂದು ವಿಚಾರಿಸಿದನು.

"ಜಯಕಾರ, ಪ್ರಭು. ಭಾವೋದ್ವೇಗದಿಂದ ಅವರಿಗೆ ಮಾತು ಹೊರಡುತ್ತಿಲ್ಲ" ಎಂದನು ಸಚಿವ.

ಮಹಾರಾಜನು ಕೈಬೀಸಿದನು. ಗುರುಪಾದಪ್ಪನಿಗೆ 'ಕ್ಷೇಮರತ್ನ' ಬಿರುದೂ ಪ್ರಧಾನಿಯ ಪಟ್ಟವೂ ದೊರೆತವು. ದ್ಯಾಮವ್ವನಿಗೆ ದೊರೆತದ್ದು, ಸತ್ತ ಮೇಲೆ, ರಾಜಮುಖವನ್ನು ಕೊಳೆನೀರಿಗೆ ಕೆಡವಿದ ಆರೋಪ. ಪ್ರಾಯಶ್ಚಿತ್ತವಾಗಿ ಅವಳ ಮಗಳು ಅದೇ ನೆಲ ತೊಳೆಯಬೇಕು. ಮೊದಲು ಪ್ರತಿ ಪೀಪಾಯಿಗೂ ಕೈಮುಗಿಯಬೇಕು.

ಅವಳು ಕೈಮುಗಿಯುತ್ತಾಳೆ. ಆಮೇಲೆ, ಯಾವ ನಗುವಿನ ಹಿಂದೆ ಏನಿದೆಯೆಂದು ತಿಳಿಯದೆ, ಬರಿಗೈಯಲ್ಲಿ ಮುಚ್ಚಳ ತೆಗೆಯುತ್ತಾಳೆ.