ಬಾಗಿಲಿಲ್ಲದ ಬಾತ್‌ರೂಮಿಗೆ ಐದು ನಕ್ಷತ್ರ

ನಮ್ಮ ಸಂಸ್ಥೆಯ ಇತಿಹಾಸದಲ್ಲಿ ಅತೃಪ್ತ ಗ್ರಾಹಕರು ಒಬ್ಬರೂ ಇಲ್ಲ. ಅತೃಪ್ತರಾಗಬೇಕಾದವರು ಮೊದಲು ವಜ್ರ ಸದಸ್ಯತ್ವ ಪಡೆಯಬೇಕು. ವಜ್ರ ಸದಸ್ಯತ್ವ ಪಡೆದವರು ಸಂಸ್ಥೆಯ ಕುಟುಂಬಕ್ಕೆ ಸೇರಿದವರಾಗುತ್ತಾರೆ. ಮನೆಯವರ ಮಾತನ್ನು ದೂರು ಎಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿಲ್ಲ. ಗ್ರಾಹಕ ತೃಪ್ತಿ ವಿಭಾಗದ ಮುಖ್ಯಸ್ಥನಾಗಿ ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ತಿಳಿಯದವರಿಗಾಗಿ ಎರಡು ಮಾತು. ಮನೆ ಕಟ್ಟುವ, ಒಡೆಯುವ, ರಿಪೇರಿ ಮಾಡುವ ಗುತ್ತಿಗೆದಾರರಲ್ಲಿ ಯಾರು ಗಟ್ಟಿ, ಯಾರು ಕೈಕೊಡುವವರು ಎಂಬುದನ್ನು ಅಂತರ್ಜಾಲದ ಮೂಲಕ ಜನರಿಗೆ ತಿಳಿಸುವುದು ನಮ್ಮ ಕೆಲಸ. ಬೆಳ್ಳಿ ಸದಸ್ಯರು ಗುತ್ತಿಗೆದಾರರ ನಕ್ಷತ್ರಗಳನ್ನು ನೋಡಬಹುದು. ಚಿನ್ನದ ಸದಸ್ಯರು ಅವರ ಫೋನ್ ನಂಬರನ್ನೂ ನೋಡಬಹುದು. ವಜ್ರ ಸದಸ್ಯರು ಬಾಯಿಬಿಟ್ಟು ಮಾತಾಡಬಹುದು. ಗುತ್ತಿಗೆದಾರರಿಗೆ ಮಾತ್ರ ಸಂಸ್ಥೆಗೆ ಸೇರಿದ ದಿನವೇ ಐದು ನಕ್ಷತ್ರ ಕೊಟ್ಟುಬಿಡುತ್ತೇವೆ. ಕೆಲಸ ಮುಗಿದ ಮೇಲೆ ಕೊಡೋಣವೆಂದರೆ, ಕೆಲಸ ನೋಡಿದವರು ತಕರಾರು ತೆಗೆಯುತ್ತಾರೆಂಬುದು ಅನುಭವದಿಂದ ತಿಳಿದುಬಂದಿದೆ.

ಈ ಪೈಕಿ ಒಬ್ಬ ಗುತ್ತಿಗೆದಾರರನ್ನು ಎಲ್ಲರೂ ಪಂಚತಾರೆ ಎಂದೇ ಕರೆಯುತ್ತಾರೆ. ಅವರ ಅಂಗಿಯ ಜೇಬಿನ ಮೇಲೂ ಐದು ನಕ್ಷತ್ರಗಳಿವೆ. ಅವನ್ನು ಹೊಲಿದುಕೊಟ್ಟವರೇ ಈ ಪ್ರಕರಣದ ಗ್ರಾಹಕಿ. ಆಕೆ ಟೈಲರಮ್ಮ. ಗಂಡ ಲಾರಿ ಓಡಿಸುವವರಾದ್ದರಿಂದ ಮನೆಗೆ ಬರುವುದು ಅಪರೂಪ. ಮನೆಯಲ್ಲಿರುವುದು ಆಕೆ, ಆಕೆಯ ಹೊಲಿಗೆ ಯಂತ್ರ ಮತ್ತು ಮಾವ. ಬಾತ್‌ರೂಮು ಮಹಡಿಯ ಮೇಲಿತ್ತು, ಮಾವನ ಮಂಡಿ ಕೆಳಗಿತ್ತು. ಪ್ರತಿ ಮೆಟ್ಟಿಲಿಗೂ ಅವರು ಹಲ್ಲುಕಚ್ಚುವುದನ್ನು ನೋಡಲಾರದೆ, ಕೆಳಗೇ ಒಂದು ಬಾತ್‌ರೂಮು ಮಾಡಿಸಬೇಕೆಂದು ಆಕೆ ಚಿನ್ನದ ಸದಸ್ಯೆಯಾಗಿ ಪಂಚತಾರೆಯನ್ನು ಕರೆಸಿದರು. ಹಳೆಯ ಬಾತ್‌ರೂಮನ್ನು ಒಡೆಸಿ, ಅದರ ಸಾಮಾನನ್ನೆಲ್ಲ ಕೆಳಗೆ ತರಿಸಿದರು.

ಶಾಲೆ ಶುರುವಾಗುವ ಕಾಲ. ಟೈಲರಮ್ಮ ಯೂನಿಫಾರಂ ರಾಶಿಯ ನಡುವೆ ತಲೆಯೆತ್ತದೆ ಹೊಲಿಯುತ್ತಿದ್ದರು. ಧೂಳು ಬರದಿರಲೆಂದು ಪಂಚತಾರೆ ಅಡ್ಡಲಾಗಿ ದಪ್ಪ ಟಾರ್ಪಾಲು ಕಟ್ಟಿದ್ದರು. ಕೆಲಸ ಮುಗಿದ ದಿನ ಅದನ್ನು ಸರ್ರನೆ ಎಳೆದರು. ಅಲ್ಲಿ ಒಂದು ಗೋಡೆ ಇತ್ತು. ತುಂಬ ಚೆಂದದ ಗೋಡೆ. ಬಾಗಿಲಿರಲಿಲ್ಲ.

"ಬಾಗಿಲು ಎಲ್ಲಿ?" ಎಂದರು ಟೈಲರಮ್ಮ.

"ಒಳಗಡೆ ಟೈಲ್ಸಲ್ಲಿ ಜೋಡಿ ಹಂಸ ಬರುತ್ತೆ ಮೇಡಂ, ನಾಲ್ಕು ಗೋಡೆಗೂ ಸೇರಿ ಒಂದೇ ಚಿತ್ರ," ಎಂದರು ಪಂಚತಾರೆ. "ಬಾಗಿಲು ಇಟ್ಟಿದ್ರೆ ಒಂದು ಹಂಸದ ಕುತ್ತಿಗೆ ಕಟ್ ಆಗ್ತಿತ್ತು. ಪಾಪ ಅಲ್ವಾ?"

"ಒಳಗೆ ಹೋಗೋದು ಹೇಗೆ?"

"ನಮ್ಮ ಹುಡುಗರು ಗಾಳಿಕಿಂಡಿಯಿಂದ ಹೊರಗೆ ಬಂದ್ರಲ್ಲ ಮೇಡಂ. ಏನೂ ತೊಂದರೆ ಆಗ್ಲಿಲ್ಲ."

ಹೀಗೆ ಹೇಳಿ ಅವರು ಏಣಿಯನ್ನು ಹೆಗಲಿಗೇರಿಸಿಕೊಂಡು ಹೋದರು.

ಟೈಲರಮ್ಮ ನಮಗೆ ಫೋನ್ ಮಾಡಿದಾಗ ನಾನೇ ಎತ್ತಿಕೊಂಡೆ. ಆಕೆಯ ದನಿ ಸ್ವಲ್ಪ ಏರಿತ್ತು. ಏರುದನಿಯು ಚಿನ್ನದ ಸದಸ್ಯತ್ವದ ವ್ಯಾಪ್ತಿಗೆ ಬರುವುದಿಲ್ಲವೆಂದು ವಿನಯದಿಂದಲೇ ತಿಳಿಸಿದೆ. ಆಕೆ ವಜ್ರಕ್ಕೆ ಏರಿದರು. ಈಗ ವಿಮರ್ಶೆ ಬರೆಯಬಹುದೆಂದೆ. ಆಕೆ ಬರೆದದ್ದು ಎರಡೇ ಪದ: "ಬಾಗಿಲೇ ಇಲ್ಲ."

ನಮ್ಮ ನಿಯಮಾವಳಿಯ ಪ್ರಕಾರ ವಿಮರ್ಶೆಯಲ್ಲಿ "ಇಲ್ಲ", "ಬೇಡ", "ಅಯ್ಯೋ" ಮುಂತಾದ ಪದಗಳು ಓದುಗರ ಮನಸ್ಸಿಗೆ ನೋವುಂಟುಮಾಡುವಂಥವು. ಭಾಷಾ ಶುದ್ಧೀಕರಣ ವಿಭಾಗದವರು ಅರ್ಥಕ್ಕೆ ಚ್ಯುತಿ ಬಾರದಂತೆ ಅದನ್ನು ತಿದ್ದಿ, "ಬಾಗಿಲು ತೆಗೆಯುವ, ಹಾಕುವ ರಗಳೆಯಿಂದ ಶಾಶ್ವತ ಬಿಡುಗಡೆ" ಎಂದು ಪ್ರಕಟಿಸಿದರು. ಅದನ್ನು ಓದಿದ ಹಲವರು ಅಂದೇ ಪಂಚತಾರೆಯನ್ನು ಗೊತ್ತುಮಾಡಿಕೊಂಡರು.

ಟೈಲರಮ್ಮ ಮತ್ತೆ ಫೋನ್ ಮಾಡಿದರು. "ಸಾರ್, ನಿಮಗೆ ದಮ್ಮಯ್ಯ ಅಂತೀನಿ. ನಮ್ಮ ಮಾವನ ಗತಿ ನೋಡಿ ಒಂದ್ಸಲ."

ಮಾವನ ಗತಿ ಹೀಗಿತ್ತು. ಮನೆಯೆದುರು ಒಂದು ಸಲೂನು, ಸಲೂನಿನ ಹಿಂಭಾಗದಲ್ಲಿ ಒಂದು ಬಾತ್‌ರೂಮು. ಕ್ಷೌರಿಕರು ಒಳ್ಳೆಯ ಮನುಷ್ಯ, "ಬನ್ನಿ ಅಜ್ಜ, ನಿಮ್ಮದೇ ಅಂಗಡಿ" ಎಂದಿದ್ದರು. ಆದರೆ ಮಾವ ವಿಪರೀತ ಸಂಕೋಚದವರು. ಅಂಗಡಿಗೆ ಹೋಗಿ ಏನನ್ನೂ ಮಾಡಿಸಿಕೊಳ್ಳದೆ ಬರುವುದು ಅವರಿಂದ ಆಗದು. ಬೆಳಗ್ಗೆ ಹೋದಾಗ ಗಡ್ಡ ತೆಗೆಸಿದರು. ಮಧ್ಯಾಹ್ನ ಹೋದಾಗ ತೆಗೆಸಲು ಗಡ್ಡವಿರಲಿಲ್ಲವಾಗಿ ಕೂದಲು ಸಣ್ಣದು ಮಾಡಿಸಿದರು. ಸಂಜೆ ಇನ್ನೂ ಸಣ್ಣದು ಮಾಡಿಸಿದರು. ಮರುದಿನ ತಲೆ ನುಣ್ಣಗಾಯಿತು. ಆ ವಾರ ಹೊಟ್ಟೆ ಸ್ವಲ್ಪ ಕೆಟ್ಟಿದ್ದರಿಂದ, ಮದುವೆಗೆ ಮುಂಚಿನಿಂದ ಎಣ್ಣೆ ತಿಕ್ಕಿ ಬೆಳೆಸಿದ್ದ ಮೀಸೆಯೂ ಹೋಯಿತು.

ನಾನು ಸ್ಥಳ ಪರಿಶೀಲನೆಗೆಂದು ಹೋದಾಗ ಅವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಇಲ್ಲದ ಮೀಸೆಯನ್ನು ಎರಡು ಬೆರಳಿನಿಂದ ತಿರುವುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. ಸಂಸ್ಥೆಯ ಪರವಾಗಿ ಅದನ್ನು ವ್ಯಕ್ತಪಡಿಸುವ ಅಧಿಕಾರ ಮಾತ್ರ ನನಗಿರಲಿಲ್ಲ.

"ಇನ್ನು ಹುಬ್ಬು ಮಾತ್ರ ಉಳಿದಿದೆ ಸಾಹೇಬ್ರೇ," ಎಂದರು ಅಜ್ಜ. "ಇವತ್ತು ಸಲೂನಿಗೆ ವಾರದ ರಜೆ. ಅದಕ್ಕೇ ಬಚಾವ್."

ನಾನು ಟೈಲರಮ್ಮನಿಗೆ ಸಮಸ್ಯೆಯ ಮೂಲವನ್ನು ವಿವರಿಸಿದೆ. ಬಳಸದೆ ಇರುವ ಬಾತ್‌ರೂಮಿನ ಬಗ್ಗೆ ದೂರುವುದು ಪೂರ್ವಗ್ರಹವೆನಿಸುತ್ತದೆ. ಮೊದಲು ಒಳಗೆ ಹೋಗಿ ಬಳಸಬೇಕು, ಆಮೇಲೆ ಒಳಗೆ ಹೋಗಲು ಆಗುವುದಿಲ್ಲವೆಂದು ದೂರಬೇಕು.

ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೈಮುಗಿದರು. "ನೀವೇ ಒಂದು ಸಲ ಹೋಗಿ ತೋರಿಸಿ ಸಾರ್."

ನಾನು ಕರ್ತವ್ಯದಿಂದ ಹಿಂದೆ ಸರಿಯುವವನಲ್ಲ. ಮೇಜಿನ ಮೇಲೆ ಕುರ್ಚಿ ಹಾಕಿಸಿ, ಕೋಟು ಬಿಚ್ಚಿಟ್ಟು, ಗಾಳಿಕಿಂಡಿಯೊಳಗೆ ತಲೆ ತೂರಿಸಿದೆ. ಅಜ್ಜ ಕೆಳಗಿನಿಂದ ಕಾಲು ಹಿಡಿದು ನೂಕಿದರು. ಧೊಪ್ಪೆಂದು ಒಳಗೆ ಬಿದ್ದೆ. ಬಾತ್‌ರೂಮು ಅತ್ಯುತ್ತಮವಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಂಸಗಳು ಸುತ್ತಲೂ ಪ್ರಸನ್ನವಾಗಿದ್ದವು. ಆದರೆ ಕಿಂಡಿ ನನ್ನ ಕೈಗೆ ಎಟುಕುತ್ತಿರಲಿಲ್ಲ, ಒಳಗೆ ಹತ್ತಿ ನಿಲ್ಲಲು ಒಂದು ಬಕೆಟ್ಟೂ ಇರಲಿಲ್ಲ.

"ಹೇಗಿದೆ ಸಾರ್?" ಎಂದು ಟೈಲರಮ್ಮ ಹೊರಗಿನಿಂದ ಕೇಳಿದರು.

"ಪ್ರವೇಶ ತೃಪ್ತಿಕರವಾಗಿದೆ," ಎಂದೆ. "ನಿರ್ಗಮನ ಪರಿಶೀಲನೆಯಲ್ಲಿದೆ."

ಒಳಗಿನಿಂದಲೇ ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಬಹಳ ಸಂತೋಷಪಟ್ಟರು. "ಬಳಸಿದ ಮೊದಲಿಗರು ನೀವೇ! ತಕ್ಷಣ ವಿಮರ್ಶೆ ಹಾಕಿ," ಎಂದರು. ನೌಕರರು ವಿಮರ್ಶೆ ಬರೆಯಬೇಕಾದರೆ ಸದಸ್ಯತ್ವ ಕೊಳ್ಳಬೇಕೆಂಬ ನಿಯಮವನ್ನು ನಾನೇ ಮಾಡಿದ್ದರಿಂದ, ಅಲ್ಲಿಯೇ ನಿಂತು ಅದನ್ನು ಖರೀದಿಸಿದೆ. "ಇಷ್ಟು ಏಕಾಂತವನ್ನು ಕಂಡದ್ದು ಇದೇ ಮೊದಲು" ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅಷ್ಟರಲ್ಲಿ ಗೋಡೆಯ ಮೇಲೆ ಯಾರೋ ಮೆಲ್ಲಗೆ ತಟ್ಟಿದರು.

"ಸಾಹೇಬ್ರೇ, ಆಯ್ತಾ?" ಅಜ್ಜನ ದನಿ.

"ಪರಿಶೀಲನೆ ಮುಂದುವರಿದಿದೆ ಅಜ್ಜ."

"ಬೇಗ ಮುಗಿಸ್ತೀರಾ? ಸ್ವಲ್ಪ ಅರ್ಜೆಂಟು."

ನಾನು ಉಭಯಸಂಕಟಕ್ಕೆ ಸಿಕ್ಕಿಕೊಂಡೆ. ಇಡೀ ಮನೆಗೆ ಇದ್ದ ಒಂದೇ ಬಾತ್‌ರೂಮನ್ನು ನಾನು ಆಕ್ರಮಿಸಿದ್ದೆ. ಬಿಟ್ಟುಕೊಡಲು ಮನಸ್ಸಿದ್ದರೂ ದಾರಿಯಿರಲಿಲ್ಲ. ಅಜ್ಜ ಮತ್ತೆ ತಟ್ಟಿದರು, ಈ ಸಲ ಎರಡೂ ಕೈಯಿಂದ. "ಅಯ್ಯೋ, ಸೊಸೆಯಮ್ಮಾ!" ಎಂದು ಕೂಗಿದರು. ನಿಷೇಧಿತ ಪದವಾಗಿದ್ದರೂ ನಾನು ಆಕ್ಷೇಪಿಸಲಿಲ್ಲ.

ಹೊರಗೆ ಏನೋ ಭಾರವಾದದ್ದನ್ನು ಎಳೆದ ಸದ್ದಾಯಿತು. ಪಂಚತಾರೆಯ ಹುಡುಗರು ದೊಡ್ಡ ಸುತ್ತಿಗೆಯೊಂದನ್ನು ಬಿಟ್ಟುಹೋಗಿದ್ದರು.

"ಟೈಲರಮ್ಮ, ದೂರು ಇತ್ಯರ್ಥವಾಗುವವರೆಗೆ ಗೋಡೆಯನ್ನು ಮುಟ್ಟುವಂತಿಲ್ಲ," ಎಂದು ನಾನು ಒಳಗಿನಿಂದ ಎಚ್ಚರಿಸಿದೆ. "ಅದು ಸಾಕ್ಷ್ಯ."

"ಸ್ವಲ್ಪ ಆ ಕಡೆ ಸರ್ಕೊಳ್ಳಿ ಸಾರ್," ಎಂದರು ಆಕೆ.

ಮೊದಲ ಏಟಿಗೆ ಹಂಸದ ಕೊಕ್ಕು ಹೋಯಿತು, ಎರಡನೆಯದಕ್ಕೆ ಕುತ್ತಿಗೆ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವ ಕೈ ಅದು. ಗೋಡೆಯ ಮೇಲೂ ಅಳತೆ ಹಾಕಿ ಗೆರೆ ಎಳೆದೇ ಹೊಡೆದಿದ್ದರು. ಧೂಳು ಇಳಿದಾಗ ನೇರವಾದ, ಚೊಕ್ಕವಾದ ಒಂದು ಬಾಗಿಲಗಂಡಿ ನಮ್ಮೆದುರಿಗಿತ್ತು. ನಾನು ಹೊರಗೆ ಬಂದೆ, ಅಜ್ಜ ಒಳಗೆ ಓಡಿದರು. ಮಂಡಿನೋವಿನ ಸುಳಿವೇ ಕಾಣಲಿಲ್ಲ. ಟೈಲರಮ್ಮ ಯೂನಿಫಾರಮ್ಮಿನ ನೀಲಿ ಬಟ್ಟೆಯೊಂದನ್ನು ಅಡ್ಡ ಹಿಡಿದು ನಿಂತರು. ಆಕೆಯ ಕಣ್ಣಲ್ಲಿ ನೀರಿತ್ತು, ಬಹುಶಃ ಧೂಳಿನಿಂದ.

ಪ್ರಕರಣ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಿಯಮ ಮುರಿದಿತ್ತು. ನಿರ್ದೇಶಕರು ವಿಚಾರಣೆ ಕರೆದರು. ಟೈಲರಮ್ಮ ಸುತ್ತಿಗೆಯ ಸಮೇತ ಬಂದರು. ಪಂಚತಾರೆಯೂ ಬಂದು, ಹಂಸವನ್ನು ನೆನೆದು ಬಿಕ್ಕಿಬಿಕ್ಕಿ ಅತ್ತರು.

"ಗುತ್ತಿಗೆದಾರರು ಮಾತ್ರ ಗೋಡೆ ಒಡೆಯಬಹುದು," ಎಂದರು ನಿರ್ದೇಶಕರು. "ನೀವು ಒಡೆದಿದ್ದೀರಿ. ಆದ್ದರಿಂದ ನೀವು ಗುತ್ತಿಗೆದಾರರು."

ಅಂದೇ ಆಕೆಯ ಹೆಸರನ್ನು ನೋಂದಾಯಿಸಿ, ರೂಢಿಯಂತೆ ಐದು ನಕ್ಷತ್ರ ಕೊಡಲಾಯಿತು. ಅದೇ ಸಂಜೆಯಿಂದ ಆಕೆಯ ಫೋನು ಬಡಿದುಕೊಳ್ಳತೊಡಗಿತು. ಪಂಚತಾರೆ ಊರಿನ ಉದ್ದಗಲಕ್ಕೂ ಬಾತ್‌ರೂಮುಗಳನ್ನು ಬಾಗಿಲಿಲ್ಲದೆ ಮುಚ್ಚಿಬಿಟ್ಟಿದ್ದರು. ಈಗ ಸಂಸ್ಥೆ ಈ ಕೆಳಗಿನ ಪ್ರಕಟಣೆ ಹೊರಡಿಸಿದೆ:

"ಮಾನ್ಯ ಗ್ರಾಹಕರ ಗಮನಕ್ಕೆ. ಬಾತ್‌ರೂಮು ಮತ್ತು ಬಾಗಿಲು ಎರಡು ಪ್ರತ್ಯೇಕ ಸೇವೆಗಳು. ಬಾಗಿಲು ಬಯಸುವವರು ಬಾತ್‌ರೂಮು ಪೂರ್ಣವಾಗಿ ಮುಚ್ಚಿದ ಬಳಿಕವಷ್ಟೇ ಅರ್ಜಿ ಸಲ್ಲಿಸತಕ್ಕದ್ದು. ಒಳಗೆ ಯಾರಾದರೂ ಇದ್ದಲ್ಲಿ ಅವರಿಗೆ ಆದ್ಯತೆ."

ಪಂಚತಾರೆ ಮತ್ತು ಟೈಲರಮ್ಮ ಈಗ ಒಂದೇ ಗಾಡಿಯಲ್ಲಿ ಹೋಗುತ್ತಾರೆ. ಅವರು ಮುಚ್ಚುತ್ತಾರೆ, ಈಕೆ ತೆರೆಯುತ್ತಾರೆ. ಮಾದರಿ ನೋಡಬೇಕೆನ್ನುವ ಗ್ರಾಹಕರು ಬೆಳಗಾದರೆ ಟೈಲರಮ್ಮನ ಮನೆಗೇ ಬರುತ್ತಾರೆ. ಬಾಗಿಲಗಂಡಿಯ ಮುಂದೆ ನಿಂತು, ಅಂಚು ಮುಟ್ಟಿ, ಕುತ್ತಿಗೆಯಿಲ್ಲದ ಹಂಸದ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜ ಒಮ್ಮೆ ಒಳಗಿದ್ದಾಗಲೇ ಒಂದು ದೊಡ್ಡ ಕುಟುಂಬ ನೋಡಲು ಬಂತು. ಅಂದಿನಿಂದ ಅವರು ಒಳಗೆ ಕಾಲಿಟ್ಟಿಲ್ಲ.

"ಸೊಸೆಯಮ್ಮ, ನಿನ್ನ ವ್ಯಾಪಾರಕ್ಕೆ ನಾನ್ಯಾಕೆ ಅಡ್ಡ?" ಎಂದು ಹೇಳಿ ಅವರು ಎದುರಿನ ಸಲೂನಿಗೇ ಹೊರಟರು. ಹುಬ್ಬು ಹೋಯಿತು. ಕ್ಷೌರಿಕರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ತೆಗೆಯಲು ಇನ್ನೇನೂ ಉಳಿಯದಿದ್ದಾಗ, ಸಲೂನಿಗೆ ಬರಿಗೈಯಲ್ಲಿ ಹೋಗಲಾರದ ಅಜ್ಜ ನನ್ನಲ್ಲಿಗೆ ಬಂದು ವಜ್ರ ಸದಸ್ಯತ್ವ ಕೊಂಡರು. ಸಲೂನಿನ ಹಿಂಭಾಗದ ಬಾತ್‌ರೂಮಿಗೆ ಐದು ನಕ್ಷತ್ರ ಕೊಟ್ಟು ತಮ್ಮ ಕೈಯಾರೆ ಹೀಗೆ ಬರೆದರು: "ಬಾಗಿಲು ಇದೆ. ತಳ್ಳಿದರೆ ತೆರೆಯುತ್ತೆ. ಎಳೆದರೆ ಮುಚ್ಚುತ್ತೆ."

ಭಾಷಾ ಶುದ್ಧೀಕರಣ ವಿಭಾಗದವರಿಗೆ ಅದರಲ್ಲಿ ತಿದ್ದಲು ಏನೂ ಸಿಗಲಿಲ್ಲ. ನಮ್ಮ ತಾಣದಲ್ಲಿ ಅತಿ ಹೆಚ್ಚು ಜನ ಓದಿರುವ ವಿಮರ್ಶೆ ಇಂದಿಗೂ ಅದೇ. ಪಂಚತಾರೆಗೆ ಕೆಲಸ ಕೊಟ್ಟು ಟೈಲರಮ್ಮನ ಸರದಿಗಾಗಿ ಕಾಯುತ್ತಿರುವವರೆಲ್ಲ ಈಗ ಸಲೂನಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಒಳಗೆ ಹೋಗಿ ಏನನ್ನೂ ಮಾಡಿಸಿಕೊಳ್ಳದೆ ಬರಲು ಅವರಿಗೂ ಸಂಕೋಚ. ಹೀಗಾಗಿ ತಲೆ, ಮೀಸೆ, ಹುಬ್ಬು ಎಲ್ಲವೂ ನುಣ್ಣಗಿರುವ ಗಂಡಸರು, ಹೆಂಗಸರು ಬೀದಿಯಲ್ಲಿ ಎದುರಾದರೆ ಒಬ್ಬರಿಗೊಬ್ಬರು ತಲೆಬಾಗಿ ನಮಸ್ಕರಿಸುತ್ತಾರೆ. ನಮ್ಮ ಸಂಸ್ಥೆಯ ತೃಪ್ತ ಗ್ರಾಹಕರನ್ನು ಈಗ ದೂರದಿಂದಲೇ ಗುರುತಿಸಬಹುದು.